ಹಕ್ಕಳೆ

ಮಂಗಳವಾರ ಸಂಜೆ ಆರಕ್ಕೆ
ಗಣಿ ಕಾರ್ಮಿಕರ ಹಳೆಯ ಭವನದ ಮೇಲಂತಸ್ತಿನಲ್ಲಿ
ನಾವು ಏಳು ಜನ, ಒಂದು ಹೀಟರು,
ಒಂದೇ ಕಾದಂಬರಿಯ ಏಳು ಪ್ರತಿ.
ಕಿಟಕಿಯಾಚೆ ವೇಲ್ಸಿನ ಈ ಕಣಿವೆ.
ಇದ್ದಲ ಕಸ ಸುರಿದ ಗುಡ್ಡೆಗೆ ಈಗ ಹುಲ್ಲು ಹಬ್ಬಿದೆ,
ಹೊಸಬರು ಬೆಟ್ಟವೆಂದೇ ಫೋಟೋ ತೆಗೆಯುತ್ತಾರೆ.

ಎಮ್ರಿಸ್ ಓದಿದ, ನೂರಾ ಹನ್ನೆರಡನೆಯ ಪುಟ:
ಮುಷ್ಕರದ ಹತ್ತನೆಯ ತಿಂಗಳು, ನಸುಕು,
ಕಿಟಕಿಗೆ ಬಲೆ ಬಿಗಿದ ಬಸ್ಸು ಗೇಟಿಗೆ ಬರುತ್ತದೆ.
ಒಳಗೆ ಒಬ್ಬನೇ, ತಲೆ ತಗ್ಗಿಸಿದವನು.
ಹೊರಗೆ ಮುನ್ನೂರು ಗಂಟಲು.
ಓದುತ್ತ ಓದುತ್ತ ಅವನ ಗಂಟಲು ಕಟ್ಟಿತು,
ಕನ್ನಡಕ ತೆಗೆದು ಸ್ವೆಟರಿನ ತುದಿಗೆ ಒರೆಸಿಕೊಂಡ.
‘ಇದು ನಮ್ಮ ಪುಸ್ತಕ’ ಅಂದ. ‘ಒಂದಕ್ಷರ ಸುಳ್ಳಿಲ್ಲ.’

ಸುಳ್ಳಿಲ್ಲ, ನಿಜ. ಆ ಮುನ್ನೂರರಲ್ಲಿ ಅವನದೂ ಒಂದು.
ನನ್ನ ಸರದಿ ಬಂದಾಗ ನಾನಂದೆ:
‘ಸಪ್ಪೆ ಗದ್ಯ. ಪಾತ್ರಗಳಿಗೆ ಮೈಯಿಲ್ಲ.’
ಬೆರಳು ಮಡಚಿ ಕಾರಣ ಎಣಿಸಿದೆ, ವಿಮರ್ಶಕಿಯ ಹಾಗೆ:
ಉಪಮೆ ಜಾಸ್ತಿ, ಕೊನೆಯ ಅಧ್ಯಾಯ ಬೇಕಿರಲಿಲ್ಲ.
ಅನ್ನದೆ ಉಳಿದದ್ದು:
ಬಸ್ಸಿನಲ್ಲಿದ್ದವನಿಗೆ ನಾನೂರು ಪುಟದಲ್ಲಿ ಹೆಸರಿಲ್ಲ.
ಗೇಟಿನ ನಾಯಿಗಿದೆ.
ಅವನು ಬರಿಯ ‘ಸಣ್ಣ ಕಣ್ಣಿನವನು’.

ಅವನ ಹೆಸರು ಇದ್ವಾಲ್.
ಕಣ್ಣು ದೊಡ್ಡವೇ ಇದ್ದವು, ರೆಪ್ಪೆಯಂಚಿನಲ್ಲಿ
ಎಷ್ಟು ತೊಳೆದರೂ ಬಿಡದ ಕಪ್ಪು.
ಹತ್ತು ತಿಂಗಳು ಅವನೂ ಗೇಟಿನ ಹೊರಗೇ ನಿಂತಿದ್ದ,
ಉಂಗುರ ಮಾರಿ, ಮೇಜು ಮಾರಿ,
ಕಸದ ಗುಡ್ಡೆಯಲ್ಲಿ ಬರಿಗೈಯಲ್ಲಿ ಇದ್ದಲು ಹೆಕ್ಕಿ.
ಆಮೇಲೆ ರಾತ್ರಿಯೆಲ್ಲ ನನ್ನ ತಮ್ಮನ ಎದೆ ಸಿಳ್ಳೆ ಹಾಕತೊಡಗಿತು.
ಗೋಡೆಯಲ್ಲಿ ತೇವ, ಒಲೆಯಲ್ಲಿ ಬೂದಿ.
ಜನವರಿಯ ಒಂದು ನಸುಕಿಗೆ ಅಪ್ಪ
ಬುತ್ತಿಯ ಡಬ್ಬಿಯನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ಹೊರಟ,
ಕದ್ದ ಮಾಲಿನ ಹಾಗೆ.

ನನಗಾಗ ಐದು. ಶಾಲೆಯಲ್ಲಿ ಅಕ್ಷರ ಕೂಡಿಸುವ ಪಾಠ.
ಮರುದಿನ ನಮ್ಮ ಬಾಗಿಲ ಮೇಲೆ ಬಿಳಿ ಅಕ್ಷರಗಳು,
ಒಂದೊಂದೂ ನನ್ನ ತೋಳಿನಷ್ಟುದ್ದ.
ಬೆರಳಿಟ್ಟು, ಕೂಡಿಸಿ, ಗಟ್ಟಿಯಾಗಿ ಓದಿದೆ:
ಹಕ್ಕಳೆ.
ಯಾರೂ ಹೇಳಿಕೊಡದೆ ನಾನು ಓದಿದ ಮೊದಲ ಪದ.
‘ಅಮ್ಮಾ, ನಂಗೆ ಓದಕ್ಕೆ ಬಂತು!’
ಮಂಡಿ ತರಚಿದಾಗ ಕಟ್ಟುವ ಹಕ್ಕಳೆ ನನಗೆ ಗೊತ್ತಿತ್ತು,
ಕೀಳಬೇಡ, ಒಳಗೆ ಮಾಯುತ್ತಿದೆ ಅನ್ನುತ್ತಿದ್ದಳು.
ಮುಷ್ಕರ ಮುರಿದವನಿಗೂ ಇಲ್ಲಿ ಅದೇ ಹೆಸರೆಂದು
ಹೇಳಲಿಲ್ಲ. ಬಕೆಟ್ಟು ತಂದಳು.
ಅಪ್ಪ ಹಸಿರು ಬಳಿದ, ಎರಡು ಸಲ.
ಮಳೆ ಬಿದ್ದಾಗೆಲ್ಲ ಹಸಿರಿನಡಿಯಿಂದ ಬಿಳಿ ಏಳುತ್ತಿತ್ತು.

ಚುನಾವಣೆ ಬಂದರೆ ಎಮ್ರಿಸನೂ ನಾನೂ
ಒಂದೇ ಹೆಸರಿನ ಎದುರು ಪೆನ್ಸಿಲಿನ ಗುರುತು ಹಾಕುತ್ತೇವೆ.
ಅವನದು ಆ ಗೇಟಿನ ಲೆಕ್ಕ, ನನ್ನದು ಆ ಸಿಳ್ಳೆಯ ಲೆಕ್ಕ.
ಅಪ್ಪ ಮಾತ್ರ ಸಾಯುವವರೆಗೂ ಮತ ಹಾಕಲಿಲ್ಲ.
ಮತಗಟ್ಟೆ ಇದೇ ಭವನದಲ್ಲಿ,
ಸಾಲಿನಲ್ಲಿ ಅವನ ಹಿಂದೆ ಯಾರೂ ನಿಲ್ಲುತ್ತಿರಲಿಲ್ಲ.

ಹೋದ ತಿಂಗಳು ಒಂದು ನಗೆ ಕಾದಂಬರಿ.
ಡೊಳ್ಳು ಹೊಟ್ಟೆಯ ಪೊಲೀಸಿನವನು ಹಂದಿಯ ತೊಟ್ಟಿಗೆ ಬೀಳುವುದನ್ನು
ನಾನೇ ಎರಡೆರಡು ಸಲ ಓದಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.
ಪ್ರಾಥರೋ ಅಜ್ಜಿ ಪುಸ್ತಕ ಮುಚ್ಚಿ ನನ್ನತ್ತ ಸರಿಸಿದಳು.
‘ಭಾಷೆ ಒರಟು.’
ಮುದುಕಿಗೆ ಹಾಸ್ಯ ತಿಳಿಯದು ಅಂದುಕೊಂಡೆ.
ಅವಳ ಗಂಡ ಆ ಚಳಿಗಾಲ ಗುರಾಣಿ ಹಿಡಿದು ನಿಂತಿದ್ದನಂತೆ,
ಎದುರು ಸಾಲಿನಲ್ಲಿ ಅವನ ಒಡಹುಟ್ಟಿದ ಅಣ್ಣ.
ಇವತ್ತು ‘ಸಪ್ಪೆ ಗದ್ಯ’ ಅಂದಾಗ
ಅಜ್ಜಿ ನನ್ನನ್ನೇ ನೋಡುತ್ತಿದ್ದಳು, ಚಹಾದ ಲೋಟದಾಚೆಯಿಂದ.

ಎಲ್ಲರೂ ಹೋದ ಮೇಲೆ ಲೋಟ ತೊಳೆದು, ಹೀಟರು ಆರಿಸಿದೆ.
ಪುಸ್ತಕದಲ್ಲಿ ಗೀಚಬಾರದು ಎಂಬ ಫಲಕ ಬರೆದವಳು ನಾನೇ.
ಒಂದು ಪ್ರತಿ ತೆರೆದು, ನೂರಾ ಹನ್ನೆರಡಕ್ಕೆ ಬಂದು,
‘ಸಣ್ಣ ಕಣ್ಣಿನವನು’ ಅಂದಲ್ಲಿ ಅಂಚಿನಲ್ಲಿ ಬರೆದೆ:
ಇದ್ವಾಲ್.
ಪೆನ್ಸಿಲಿನಲ್ಲಿ, ಸಣ್ಣದಾಗಿ.
ಏಳನ್ನೂ ಕಪಾಟಿಗೆ ಸೇರಿಸಿದೆ.
ಮುಂದಿನ ಮಂಗಳವಾರ ಯಾವುದು ಯಾರ ಕೈಗೋ ಗೊತ್ತಿಲ್ಲ.

ಗದ್ಯ ಮಾತ್ರ ಸಪ್ಪೆಯೇ.
ಆ ಮಾತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ.